ತಕ್ಕಡಿಗೆ ಮುದ್ರೆ ಉಂಟು, ತಂತ್ರಾಂಶಕ್ಕೆ ಏನುಂಟು?

ಕೋಲಾರದ ಟೊಮೆಟೊ ಮಾರುಕಟ್ಟೆಗೆ ಕ್ರೇಟು ಇಳಿಸುವ ರೈತನಾಗಲಿ, ಶ್ರೀನಿವಾಸಪುರದ ಮಾವಿನ ಮಂಡಿಗೆ ಬರುವ ಹೊರರಾಜ್ಯದ ಖರೀದಿದಾರನಾಗಲಿ, ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ಕೇಳುವ ಹಕ್ಕುಳ್ಳವನು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗುವುದು ಅಪರಾಧವೆಂಬುದನ್ನು ವರ್ತಕರಾದ ನಾವೆಲ್ಲರೂ ಬಲ್ಲೆವು. ಆದರೆ ಇಂದು ಒಂದು ವ್ಯವಹಾರದ ಹಣವನ್ನು ನಿರ್ಧರಿಸುವುದು ತಕ್ಕಡಿಯೊಂದೇ ಅಲ್ಲ. ತೂಕವನ್ನು ಬೆಲೆಯಿಂದ ಗುಣಿಸಿ, ತೆರಿಗೆ ಸೇರಿಸಿ, ರಿಯಾಯಿತಿ ಕಳೆದು, ಬಾಕಿ ಹೊಂದಿಸಿ ಬಿಲ್ಲು ಮುದ್ರಿಸುವುದು ಗಣಕಯಂತ್ರದೊಳಗಿನ ತಂತ್ರಾಂಶ. ಈ ತಂತ್ರಾಂಶವನ್ನು ಯಾರು ಪರೀಕ್ಷಿಸಿದರು, ಎಷ್ಟು ಪರೀಕ್ಷಿಸಿದರು, ಯಾವ ಭಾಗವನ್ನು ಪರೀಕ್ಷಿಸದೆ ಬಿಟ್ಟರು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ವಿರಳ.

ಈ ಪ್ರಶ್ನೆಗೆ ಅಂಕಿಗಳ ರೂಪದಲ್ಲಿಯೇ ಉತ್ತರ ಪಡೆಯಲು ಸಾಧ್ಯವಿದೆ. ವಿಶೇಷವಾಗಿ ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶಗಳಿಗೆ ಇಂತಹ ಅಳತೆಯ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ಪರೀಕ್ಷೆಯ ವ್ಯಾಪ್ತಿ ಎಷ್ಟು ಎಂಬುದು ಒಂದು ಅಳತೆ. ಪ್ರೋಗ್ರಾಮಿನ ರಚನೆ ಎಷ್ಟು ಜಟಿಲ ಎಂಬುದು ಇನ್ನೊಂದು. ಹಣದ ಲೆಕ್ಕ ಮಾಡುವ ತಂತ್ರಾಂಶವನ್ನು ಕೊಳ್ಳುವಾಗ ಈ ಎರಡು ಅಳತೆಗಳನ್ನೂ ಒಟ್ಟಿಗೆ ಕೇಳುವುದು ನಮ್ಮ ನಾಲ್ಕು ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ರೂಢಿಯಾಗಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಎರಡು ತಿಂಗಳಲ್ಲಿ ಎರಡು ಬದಲಾವಣೆ

ಈ ವಿಷಯ ಈಗಲೇ ಏಕೆ ಎಂದು ಕೇಳಬಹುದು. 2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. ಶೇಕಡಾ 12 ಮತ್ತು 28ರ ದರಗಳಲ್ಲಿದ್ದ ಬಹುತೇಕ ಸರಕುಗಳು 5 ಮತ್ತು 18ರ ದರಗಳಿಗೆ ಬಂದವು. ಸಿಮೆಂಟಿನ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಇದಾಗಿ ಎರಡು ತಿಂಗಳು ತುಂಬುವ ಹೊತ್ತಿಗೆ, ನವೆಂಬರ್ 21ರಂದು, ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ವೇತನ ಎಂಬ ಪದದ ವ್ಯಾಖ್ಯೆಯೇ ಬದಲಾಯಿತು. ವೇತನದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕಾಯಿತು.

ಈ ಎರಡು ದಿನಾಂಕಗಳ ಸುತ್ತ ನಮ್ಮ ಪ್ರದೇಶದ ಅಸಂಖ್ಯಾತ ತಂತ್ರಾಂಶಗಳು ತಿದ್ದುಪಡಿಗೆ ಒಳಗಾಗಬೇಕಾಯಿತು. ಸಾಮಾನ್ಯವಾಗಿ ಇಂತಹ ತಿದ್ದುಪಡಿ ನಡೆಯುವ ಕ್ರಮ ನಮಗೆಲ್ಲ ತಿಳಿದದ್ದೇ. ತಂತ್ರಾಂಶ ಒದಗಿಸಿದ ಸಂಸ್ಥೆಗೆ ದೂರವಾಣಿ ಕರೆ ಹೋಗುತ್ತದೆ. ಒಬ್ಬ ಹುಡುಗ ದೂರದಲ್ಲಿಯೇ ಕುಳಿತು ನಮ್ಮ ಯಂತ್ರದೊಳಗೆ ಪ್ರವೇಶಿಸಿ ಏನನ್ನೋ ಬದಲಿಸುತ್ತಾನೆ. ಒಂದು ಬಿಲ್ಲು ಮುದ್ರಿಸಿ ತೋರಿಸಿ "ಸರಿಯಾಯಿತು ಸರ್" ಎನ್ನುತ್ತಾನೆ. ಆ ಒಂದು ಬಿಲ್ಲು ಸರಿಯಾಗಿಯೇ ಇರುತ್ತದೆ. ಉಳಿದ ಬಿಲ್ಲುಗಳ ಗತಿಯೇನು ಎಂಬುದು ತಿಂಗಳ ಕೊನೆಗೆ ಲೆಕ್ಕಪರಿಶೋಧಕರ ಮೇಜಿನ ಮೇಲೆ ತಿಳಿಯುತ್ತದೆ.

ಕವಲುಗಳನ್ನು ಎಣಿಸುವುದು ಹೇಗೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಳಬಾಗಿಲಿನಲ್ಲಿ ಕಟ್ಟಡ ಸಾಮಗ್ರಿಯ ಒಬ್ಬ ವರ್ತಕರಿದ್ದಾರೆ. ಅವರು ಕೋಲಾರಕ್ಕೂ ಸಿಮೆಂಟು ಕಳುಹಿಸುತ್ತಾರೆ, ನಂಗಲಿಯ ಗಡಿ ದಾಟಿ ಆಂಧ್ರದ ಪಲಮನೇರಿಗೂ ಕಳುಹಿಸುತ್ತಾರೆ. ಅವರ ಬಿಲ್ಲಿನ ತಂತ್ರಾಂಶ ಪ್ರತಿ ಮಾರಾಟದಲ್ಲೂ ಕೆಲವು ಪ್ರಶ್ನೆಗಳನ್ನು ತನ್ನೊಳಗೇ ಕೇಳಿಕೊಳ್ಳಬೇಕು. ಸರಕು ತಲುಪುವುದು ಕರ್ನಾಟಕದೊಳಗೋ ಹೊರಗೋ? ಒಳಗಾದರೆ ಕೇಂದ್ರದ ತೆರಿಗೆ ಮತ್ತು ರಾಜ್ಯದ ತೆರಿಗೆ ಎರಡಾಗಿ ಒಡೆಯಬೇಕು, ಹೊರಗಾದರೆ ಸಮಗ್ರ ತೆರಿಗೆಯಾಗಿ ಒಂದೇ ಸಾಲಿನಲ್ಲಿ ಬರಬೇಕು. ಸರಕಿನ ಮೌಲ್ಯ 50,000 ರೂಪಾಯಿ ಮೀರಿತೇ? ಮೀರಿದರೆ ಇ-ವೇ ಬಿಲ್ಲು ಬೇಕು. ಮಾರಾಟ ನಗದೋ ಸಾಲವೋ? ಇದು ಹೊಸ ಮಾರಾಟವೋ, ಹಳೆಯ ಮಾರಾಟದಿಂದ ಹಿಂದಿರುಗಿದ ಸರಕೋ?

ಪ್ರೋಗ್ರಾಮಿನ ಹಾದಿ ಇಂತಹ ಪ್ರತಿಯೊಂದು ಪ್ರಶ್ನೆಯಲ್ಲೂ ಎರಡಾಗಿ ಕವಲೊಡೆಯುತ್ತದೆ. ಅಮೆರಿಕದ ಥಾಮಸ್ ಮೆಕ್‌ಕೇಬ್ ಎಂಬವರು 1976ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಕವಲುಗಳನ್ನು ಎಣಿಸಿ ಪ್ರೋಗ್ರಾಮಿನ ಜಟಿಲತೆಗೆ ಅಂಕಿ ಕೊಡುವ ವಿಧಾನವನ್ನು ಮಂಡಿಸಿದರು. ಅದರ ಸಾರ ಸರಳ: ಎರಡು ಕವಲಿನ ಪ್ರಶ್ನೆಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಬರುವುದೇ ಜಟಿಲತೆಯ ಅಂಕಿ. ನಮ್ಮ ಮುಳಬಾಗಿಲಿನ ಬಿಲ್ಲಿನಲ್ಲಿ ಪ್ರಶ್ನೆಗಳು ನಾಲ್ಕು, ಆದ್ದರಿಂದ ಜಟಿಲತೆ 5. ರಚನೆಯ ದೃಷ್ಟಿಯಿಂದ ಪರೀಕ್ಷಿಸಲು ಕನಿಷ್ಠ 5 ಸ್ವತಂತ್ರ ಹಾದಿಗಳು ಇವೆ ಎಂದು ಇದರ ಅರ್ಥ. ನಾಲ್ಕು ಪ್ರಶ್ನೆಗಳ ಉತ್ತರಗಳನ್ನು ಎಲ್ಲ ರೀತಿಯಲ್ಲಿ ಜೋಡಿಸಿದರೆ 16 ಬಗೆಯ ಬಿಲ್ಲುಗಳಾಗುತ್ತವೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಆ ಒಂದು ಪ್ರಶ್ನೆ ಸೇರಿದೊಡನೆ ಜಟಿಲತೆ 6 ಆಗುತ್ತದೆ, ಬಿಲ್ಲಿನ ಬಗೆಗಳು 32 ಆಗುತ್ತವೆ. ಹುಡುಗ ಮುದ್ರಿಸಿ ತೋರಿಸಿದ್ದು ಅದರಲ್ಲಿ ಒಂದು ಮಾತ್ರ.

ಒಂದು ಪ್ರೋಗ್ರಾಮು ಅನೇಕ ಸಣ್ಣ ಘಟಕಗಳಿಂದ ಕೂಡಿರುತ್ತದೆ. ಜಾವಾದಲ್ಲಿ ಇವನ್ನು ಮೆಥಡ್ ಎನ್ನುತ್ತಾರೆ. ಒಂದು ಮೆಥಡ್‌ನ ಜಟಿಲತೆ 10ನ್ನು ಮೀರದಿರುವುದು ಒಳ್ಳೆಯದೆಂದು ಮೆಕ್‌ಕೇಬ್ ಸೂಚಿಸಿದ್ದರು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1996ರಲ್ಲಿ ಹೊರತಂದ ಕೈಪಿಡಿಯೂ 10ನ್ನೇ ಆರಂಭದ ಮಿತಿಯಾಗಿ ಒಪ್ಪಿ, ನುರಿತ ಸಿಬ್ಬಂದಿ ಮತ್ತು ಕಟ್ಟುನಿಟ್ಟಿನ ಪರೀಕ್ಷೆ ಇರುವಲ್ಲಿ 15ರವರೆಗೆ ಹೋಗಬಹುದೆಂದಿತು. ವರ್ಷಗಟ್ಟಲೆ ತೇಪೆ ಹಾಕಿಸಿಕೊಂಡ ಬಿಲ್ಲಿನ ಮೆಥಡ್‌ಗಳು 40, 50ನ್ನು ದಾಟಿರುವುದು ಅಪರೂಪವೇನಲ್ಲ. ಮಾರಾಟ ತೆರಿಗೆಯ ಕಾಲದಿಂದ ಮೌಲ್ಯವರ್ಧಿತ ತೆರಿಗೆಗೆ, ಅಲ್ಲಿಂದ 2017ರ ಜುಲೈ 1ರ ಸರಕು ಮತ್ತು ಸೇವಾ ತೆರಿಗೆಗೆ, ಒಂದೇ ಪ್ರೋಗ್ರಾಮಿನ ಮೇಲೆ ಪದರ ಪದರವಾಗಿ ಷರತ್ತುಗಳನ್ನು ಹೇರಿದರೆ ಹೀಗಾಗುವುದು ಸಹಜ.

ಪರೀಕ್ಷೆ ಎಲ್ಲಿಯವರೆಗೆ ತಲುಪಿತು

ಎರಡನೆಯ ಅಳತೆ ಪರೀಕ್ಷಾ ವ್ಯಾಪ್ತಿ. ತಂತ್ರಜ್ಞರು ಇದನ್ನು ಟೆಸ್ಟ್ ಕವರೇಜ್ ಎನ್ನುತ್ತಾರೆ. ಉತ್ತಮ ತಯಾರಕರು ಪ್ರೋಗ್ರಾಮಿನ ಜೊತೆಯಲ್ಲಿಯೇ ಅದನ್ನು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳನ್ನೂ ಬರೆದಿಡುತ್ತಾರೆ. ಜಾವಾದಲ್ಲಿ ಇದಕ್ಕೆ ಬಳಕೆಯಲ್ಲಿರುವ ಜೆಯುನಿಟ್ ಎಂಬ ಸಾಧನವನ್ನು 1997ರ ಸುಮಾರಿಗೆ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬವರು ರೂಪಿಸಿದರು. ಪ್ರತಿ ತಿದ್ದುಪಡಿಯ ನಂತರ ಈ ಪರೀಕ್ಷೆಗಳನ್ನೆಲ್ಲ ಒಮ್ಮೆ ಓಡಿಸಿದರೆ, ಹಳೆಯ ಲೆಕ್ಕ ಕೆಟ್ಟಿಲ್ಲವೆಂಬ ಖಾತರಿ ಕೆಲವು ನಿಮಿಷಗಳಲ್ಲಿ ಸಿಗುತ್ತದೆ. ಆದರೆ ಈ ಪರೀಕ್ಷೆಗಳು ಪ್ರೋಗ್ರಾಮಿನ ಯಾವ ಯಾವ ಸಾಲಿನ ಮೇಲೆ ಹಾದುಹೋದವು, ಯಾವುದನ್ನು ಮುಟ್ಟಲೇ ಇಲ್ಲ? ಜಾಕೋಕೋ ಎಂಬ ಉಚಿತ ಸಾಧನ ಇದನ್ನು ದಾಖಲಿಸುತ್ತದೆ. ಅದರ ವರದಿಯಲ್ಲಿ ಪರೀಕ್ಷೆಗೊಳಪಟ್ಟ ಸಾಲು ಹಸಿರು, ಒಳಪಡದ ಸಾಲು ಕೆಂಪು, ಅರ್ಧ ಕವಲಷ್ಟೇ ಪರೀಕ್ಷೆಯಾದ ಸಾಲು ಹಳದಿ. ಪ್ರೋಗ್ರಾಮು ಬಾರದವರೂ ಈ ಬಣ್ಣಗಳನ್ನು ಓದಬಲ್ಲರು. ಅದೇ ವರದಿಯ ಇನ್ನೊಂದು ಅಂಕಣದಲ್ಲಿ ಜಟಿಲತೆಯ ಅಂಕಿಯೂ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಲುಗಳ ವ್ಯಾಪ್ತಿ ಮತ್ತು ಕವಲುಗಳ ವ್ಯಾಪ್ತಿ ಬೇರೆ ಬೇರೆ. ಮುಳಬಾಗಿಲಿನ ವರ್ತಕರ ಪ್ರೋಗ್ರಾಮಿನಲ್ಲಿ "ಸರಕು ಹೊರರಾಜ್ಯಕ್ಕಾದರೆ ಸಮಗ್ರ ತೆರಿಗೆಯನ್ನು ಹಾಕು" ಎಂಬ ಒಂದು ಷರತ್ತು ಮಾತ್ರ ಇದೆ, ರಾಜ್ಯದೊಳಗಿನ ಮಾರಾಟಕ್ಕೆ ಏನು ಮಾಡಬೇಕೆಂದು ಬರೆಯುವುದೇ ಮರೆತುಹೋಗಿದೆ ಎಂದುಕೊಳ್ಳಿ. ಪಲಮನೇರಿನ ಗಿರಾಕಿಯ ಒಂದು ಬಿಲ್ಲಿನಿಂದ ಪರೀಕ್ಷಿಸಿದರೆ ಎಲ್ಲ ಸಾಲುಗಳೂ ಓಡುತ್ತವೆ. ಸಾಲುಗಳ ವ್ಯಾಪ್ತಿ ನೂರಕ್ಕೆ ನೂರು! ಆದರೆ ಆ ಷರತ್ತಿನ ಎರಡು ಕವಲುಗಳಲ್ಲಿ ಪರೀಕ್ಷೆಯಾದದ್ದು ಒಂದೇ. ಕವಲುಗಳ ವ್ಯಾಪ್ತಿ ಶೇಕಡಾ 50. ಕೋಲಾರದ ಗಿರಾಕಿಗೆ ತೆರಿಗೆಯೇ ಇಲ್ಲದ ಬಿಲ್ಲು ಹೋಗುವ ದೋಷ ಆ ಪರೀಕ್ಷೆಯಾಗದ ಅರ್ಧದಲ್ಲಿ ಅಡಗಿರುತ್ತದೆ. ಆದ್ದರಿಂದ ಕವಲುಗಳ ವ್ಯಾಪ್ತಿಯನ್ನು ಕೇಳದೆ ಸಾಲುಗಳ ವ್ಯಾಪ್ತಿಯೊಂದನ್ನೇ ನಂಬುವುದು ಸರಿಯಲ್ಲ.

ಇನ್ನೊಂದು ಸಂದರ್ಭ ನೋಡೋಣ. ಆಗಸ್ಟ್ 2025ರಲ್ಲಿ ಮಾರಿದ ಸಿಮೆಂಟಿನಲ್ಲಿ 20 ಮೂಟೆ ಅಕ್ಟೋಬರ್‌ನಲ್ಲಿ ಹಿಂದಿರುಗಿದವು. ತೆರಿಗೆಗೆ ಮುನ್ನ ಮೂಟೆಯ ಬೆಲೆ 300 ರೂಪಾಯಿ ಎಂದು ಹಿಡಿಯೋಣ. ಮೂಲ ಬಿಲ್ಲಿಗೆ ಸಂಬಂಧಿಸಿದ ಕ್ರೆಡಿಟ್ ನೋಟಿನಲ್ಲಿ ಮೂಲ ದರವೇ ಇರಬೇಕು. 6,000 ರೂಪಾಯಿಗೆ ಶೇಕಡಾ 28ರಂತೆ ತೆರಿಗೆ 1,680 ರೂಪಾಯಿ. ತಂತ್ರಾಂಶವು ಹೊಸ ದರ 18ನ್ನು ಹಾಕಿದರೆ 1,080 ರೂಪಾಯಿ. ಒಂದೇ ನೋಟಿನಲ್ಲಿ 600 ರೂಪಾಯಿ ವ್ಯತ್ಯಾಸ. ಹೊಸ ಮಾರಾಟದ ಹಾದಿಯನ್ನಷ್ಟೇ ಪರೀಕ್ಷಿಸಿ, ಹಳೆಯ ದಿನಾಂಕದ ಸರಕು ಹಿಂದಿರುಗುವ ಹಾದಿಯನ್ನು ಬಿಟ್ಟರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇಂತಹ ನೋಟುಗಳು ತಿಂಗಳಿಗೆ ಐವತ್ತು ಇದ್ದರೆ ಏನಾಗಬಹುದೆಂದು ಓದುಗರೇ ಲೆಕ್ಕ ಹಾಕಬಹುದು.

ಎರಡನ್ನೂ ಕೂಡಿಸಿ ನೋಡಬೇಕು

ಜಟಿಲತೆ ಹೆಚ್ಚಿದ್ದರೂ ಪರೀಕ್ಷೆ ಚೆನ್ನಾಗಿದ್ದರೆ ಭಯ ಕಡಿಮೆ. ಪರೀಕ್ಷೆ ಇಲ್ಲದಿದ್ದರೂ ರಚನೆ ಸರಳವಾಗಿದ್ದರೆ ಅಪಾಯ ಅಲ್ಪ. ಜಟಿಲವೂ ಆಗಿದ್ದು ಪರೀಕ್ಷೆಯೂ ಆಗದ ಭಾಗವೇ ನಿಜವಾದ ಗಂಡಾಂತರ. ಈ ವಿಚಾರವನ್ನೇ ಸೂತ್ರವಾಗಿಸಿ ಆಲ್ಬರ್ಟೊ ಸವೋಯಾ ಮತ್ತು ಬಾಬ್ ಇವಾನ್ಸ್ 2007ರಲ್ಲಿ ಜಾವಾ ಪ್ರೋಗ್ರಾಮುಗಳಿಗಾಗಿ ಕ್ರ್ಯಾಪ್ ಎಂಬ ಸೂಚ್ಯಂಕವನ್ನು ಮಂಡಿಸಿದರು. ಜಟಿಲತೆಯ ವರ್ಗವನ್ನು, ಪರೀಕ್ಷೆಯಾಗದೆ ಉಳಿದ ಭಾಗದ ಘನದಿಂದ ಗುಣಿಸಿ, ಬಂದುದಕ್ಕೆ ಜಟಿಲತೆಯನ್ನು ಕೂಡಿಸಬೇಕು. ಫಲ 30ನ್ನು ಮೀರಿದರೆ ಆ ಮೆಥಡ್ ಮುಟ್ಟಲು ಅಪಾಯಕಾರಿ.

ನಮ್ಮ ಬಿಲ್ಲಿನ ಜಟಿಲತೆ 5. ಪರೀಕ್ಷೆಯೇ ಇಲ್ಲದಿದ್ದರೆ ಸೂಚ್ಯಂಕ 25ಕ್ಕೆ 5 ಕೂಡಿ 30, ಅಂದರೆ ಗಡಿಯ ಮೇಲೆ. ಪೂರ್ಣ ಪರೀಕ್ಷೆಯಾಗಿದ್ದರೆ 5 ಮಾತ್ರ. ಜಟಿಲತೆ 15 ಇರುವ ಒಂದು ವೇತನದ ಮೆಥಡ್ ಪರೀಕ್ಷೆಯಿಲ್ಲದಿದ್ದರೆ 240ಕ್ಕೆ ಏರುತ್ತದೆ; ಅರ್ಧ ಪರೀಕ್ಷೆಯಾದರೂ 43ರ ಆಸುಪಾಸಿನಲ್ಲಿ ನಿಲ್ಲುತ್ತದೆ; ಶೇಕಡಾ 80 ಪರೀಕ್ಷೆಯಾದರೆ 17ರೊಳಗೆ ಇಳಿಯುತ್ತದೆ. ಜಟಿಲತೆ 40 ಇದ್ದರೆ ನೂರಕ್ಕೆ ನೂರು ಪರೀಕ್ಷಿಸಿದರೂ ಸೂಚ್ಯಂಕ 40. ಅದನ್ನು ಒಡೆದು ಸಣ್ಣ ಮೆಥಡ್‌ಗಳಾಗಿ ಮತ್ತೆ ಬರೆಯದೆ ಗತ್ಯಂತರವಿಲ್ಲವೆಂಬುದನ್ನು ಸೂತ್ರವೇ ಹೇಳುತ್ತದೆ. ಎಲ್ಲಿ ಹಣ ಹಾಕಿ ದುರಸ್ತಿ ಮಾಡಿಸಬೇಕೆಂಬುದಕ್ಕೆ ಸಣ್ಣ ಉದ್ದಿಮೆದಾರನಿಗೆ ಇದಕ್ಕಿಂತ ಸುಲಭದ ದಾರಿದೀಪ ಸಿಗುವುದು ಕಷ್ಟ.

ಲೆಕ್ಕ ತಪ್ಪಿದರೆ ಏನಾಗುತ್ತದೆ

ಇದು ಕೇವಲ ತಂತ್ರಜ್ಞರ ಚರ್ಚೆಯೆಂದು ಬದಿಗೆ ಸರಿಸುವವರು ನಮ್ಮ ಜಿಲ್ಲೆಯಲ್ಲಿಯೇ ನಡೆದ ಘಟನೆಯನ್ನು ನೆನೆಯಬೇಕು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ಅಸಮಾಧಾನ ಹಿಂಸೆಗೆ ತಿರುಗಿತು. ಕಾರ್ಮಿಕರ ಸಂಖ್ಯೆ ಅಲ್ಪಾವಧಿಯಲ್ಲಿ ಏರಿತ್ತು. ಪಾಳಿಯ ಅವಧಿ 8 ಗಂಟೆಯಿಂದ 12 ಗಂಟೆಗೆ ಬದಲಾಗಿತ್ತು. ಘಟನೆಯ ನಂತರ ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲಿ ಹಾಜರಾತಿ ದಾಖಲೆಯ ವ್ಯವಸ್ಥೆಯ ಲೋಪಗಳೂ ಎತ್ತಿ ತೋರಿಸಲ್ಪಟ್ಟವು. ಕೆಲವು ಕಾರ್ಮಿಕರಿಗೆ ವೇತನ ಸರಿಯಾಗಿ ಅಥವಾ ಸಕಾಲದಲ್ಲಿ ಸಂದಿಲ್ಲವೆಂದು ಸಂಸ್ಥೆಯೇ ಒಪ್ಪಿಕೊಂಡು, ಭಾರತದ ವ್ಯವಹಾರದ ಹೊಣೆ ಹೊತ್ತ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಸಂಸ್ಥೆ ಅದಕ್ಕೆ ಹೊಸ ಆದೇಶಗಳನ್ನು ತಡೆಹಿಡಿಯಿತು. ಮುಂದೆ 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈ ಸೇರಿತು.

ಆ ಘಟನೆಗೆ ಕಾರಣಗಳು ಹಲವು. ಅವನ್ನೆಲ್ಲ ತಂತ್ರಾಂಶದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಪಾಳಿಯ ನಿಯಮ ಬದಲಾದಾಗ, ಜನರ ಸಂಖ್ಯೆ ಏರಿದಾಗ, ಹಾಜರಾತಿಯಿಂದ ವೇತನದವರೆಗಿನ ಲೆಕ್ಕದ ಸರಪಳಿ ಹೊಸ ಹಾದಿಗಳಲ್ಲಿ ಓಡಬೇಕಾಗುತ್ತದೆ. ಆ ಹಾದಿಗಳನ್ನು ಮುಂಚಿತವಾಗಿ ಪರೀಕ್ಷಿಸದಿದ್ದರೆ ಪರೀಕ್ಷೆ ನಡೆಯುವುದು ಕಾರ್ಮಿಕನ ಸಂಬಳದ ಚೀಟಿಯ ಮೇಲೆ. ಸಾವಿರಾರು ಜನರ ಕಾರ್ಖಾನೆಗೆ ಅನ್ವಯಿಸಿದ ಮಾತು ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ಜನರಿಗೆ ಕೆಲಸ ಕೊಟ್ಟಿರುವ ಉದ್ದಿಮೆಗೂ ಅನ್ವಯಿಸುತ್ತದೆ. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರ ನೀಡಬೇಕು ಎಂಬುದು ಕಾನೂನು. ರಾತ್ರಿ ಪಾಳಿ ಮಧ್ಯರಾತ್ರಿ ದಾಟಿ ಮರುದಿನಕ್ಕೆ ಹೋದಾಗ ಆ ಗಂಟೆಗಳನ್ನು ತಂತ್ರಾಂಶ ಯಾವ ದಿನಕ್ಕೆ ಸೇರಿಸುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಪರೀಕ್ಷಿಸಿದ್ದೇವೆ?

ಸಣ್ಣ ವರ್ತಕರಿಗೆ ಇನ್ನೂ ಹತ್ತಿರವಾದ ಪಾಠ ಬ್ರಿಟನ್ನಿನದು. ಅಲ್ಲಿ ಅಂಗಡಿಯ ಜೊತೆಯಲ್ಲಿ ಅಂಚೆ ಕಚೇರಿ ನಡೆಸುವ ಉಪ ಅಂಚೆ ಪಾಲಕರು ಅನೇಕರಿದ್ದಾರೆ. 1999ರಿಂದ ಅವರ ಲೆಕ್ಕವನ್ನು ಹೊರೈಜನ್ ಎಂಬ ತಂತ್ರಾಂಶ ನೋಡಿಕೊಳ್ಳತೊಡಗಿತು. ಅದು ತೋರಿಸಿದ ಹಣದ ಕೊರತೆಯನ್ನು ನಂಬಿ 2015ರವರೆಗೆ 900ಕ್ಕೂ ಹೆಚ್ಚು ಜನರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಕೆಲವರು ಸೆರೆಮನೆಗೂ ಹೋದರು. ತಂತ್ರಾಂಶದಲ್ಲಿ ದೋಷಗಳಿದ್ದವೆಂದು ಅಲ್ಲಿನ ಉಚ್ಚ ನ್ಯಾಯಾಲಯ ತೀರ್ಪಿತ್ತದ್ದು 2019ರ ಡಿಸೆಂಬರ್‌ನಲ್ಲಿ. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು 2024ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಯಂತ್ರದ ಲೆಕ್ಕ ತಪ್ಪಲಾರದೆಂಬ ಕುರುಡು ನಂಬಿಕೆಗೆ ತೆತ್ತ ಬೆಲೆ ಅದು. ನಮ್ಮ ಗುಮಾಸ್ತನ ಕೈಯಲ್ಲಿ ಹಣ ಕಡಿಮೆ ಬಂದಾಗ ಅವನನ್ನು ಕಳ್ಳನೆನ್ನುವ ಮೊದಲು ನಾವೂ ಇದನ್ನು ನೆನೆಯುವುದು ಲೇಸು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇಷ್ಟು ಹೇಳಿದ ಮೇಲೆ ಈ ಅಳತೆಗಳ ಮಿತಿಯನ್ನೂ ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಲಾರಿಯನ್ನು ವೇಬ್ರಿಡ್ಜಿನ ಮೇಲೆ ಹತ್ತಿಸಿ ಇಳಿಸಿದರೆ ಸಾಲದು, ತೂಕದ ಚೀಟಿಯನ್ನು ಯಾರಾದರೂ ಓದಬೇಕು. ಪರೀಕ್ಷೆಯೂ ಹಾಗೆಯೇ. ಪ್ರೋಗ್ರಾಮಿನ ಎಲ್ಲ ಕವಲುಗಳನ್ನೂ ಓಡಿಸಿ, ಬಂದ ಉತ್ತರ ಸರಿಯೇ ಎಂದು ಹೋಲಿಸದೆ ಬಿಡುವ ಪರೀಕ್ಷೆಯನ್ನು ಬರೆಯುವುದು ಸಾಧ್ಯ. ಅದರ ವರದಿ ಪೂರ್ತಿ ಹಸಿರಾಗಿರುತ್ತದೆ, ಆದರೆ ಅದಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ. ಕೆನಡಾದ ಇಬ್ಬರು ಸಂಶೋಧಕರು 2014ರಲ್ಲಿ ಐದು ದೊಡ್ಡ ಜಾವಾ ತಂತ್ರಾಂಶಗಳ ಮೇಲೆ 31,000 ಪರೀಕ್ಷಾ ಗುಚ್ಛಗಳನ್ನು ಓಡಿಸಿ ನೋಡಿದರು. ಪರೀಕ್ಷೆಗಳ ಸಂಖ್ಯೆಯನ್ನು ಸಮನಾಗಿ ಹಿಡಿದು ಹೋಲಿಸಿದಾಗ, ವ್ಯಾಪ್ತಿಯ ಶೇಕಡಾವಾರಿಗೂ ದೋಷ ಹಿಡಿಯುವ ಶಕ್ತಿಗೂ ಗಾಢವಾದ ಸಂಬಂಧ ಕಾಣಲಿಲ್ಲ. ಪರೀಕ್ಷೆಯಾಗದ ಭಾಗವನ್ನು ಗುರುತಿಸಲು ವ್ಯಾಪ್ತಿಯ ಅಳತೆ ಉಪಯುಕ್ತವೆಂದೂ, ಅದನ್ನೇ ಗುರಿಯಾಗಿ ಇರಿಸಬಾರದೆಂದೂ ಅವರು ಅಭಿಪ್ರಾಯಪಟ್ಟರು.

ಈ ಮಾತು ನಮಗೆ ಹೊಸದಲ್ಲ. ಕೆಂಪು ಬಣ್ಣ ಕಂಡರೆ ಅಲ್ಲಿ ಪರೀಕ್ಷೆಯಾಗಿಲ್ಲವೆಂಬುದು ನಿಶ್ಚಯ. ಹಸಿರು ಕಂಡರೆ ಅಲ್ಲಿ ದೋಷವಿಲ್ಲವೆಂಬುದು ನಿಶ್ಚಯವಲ್ಲ. ಕ್ರೇಟಿನ ಮೇಲ್ಪದರದ ಹಣ್ಣು ಚೆನ್ನಾಗಿದ್ದರೆ ತಳದ ಹಣ್ಣೂ ಚೆನ್ನಾಗಿದೆಯೆಂದು ಹರಾಜಿನಲ್ಲಿ ಯಾರೂ ನಂಬುವುದಿಲ್ಲ. ಜಟಿಲತೆಯ ಅಂಕಿಯನ್ನೂ ಕೃತಕವಾಗಿ ಇಳಿಸಬಹುದು. ಒಂದು ದೊಡ್ಡ ಮೆಥಡನ್ನು ಅರ್ಥವಿಲ್ಲದ ಹತ್ತು ತುಂಡುಗಳಾಗಿ ಕತ್ತರಿಸಿದರೆ ಪ್ರತಿ ತುಂಡಿನ ಅಂಕಿ ಚಿಕ್ಕದಾಗುತ್ತದೆ, ಒಟ್ಟು ಗೋಜಲು ಹಾಗೆಯೇ ಉಳಿಯುತ್ತದೆ.

ಇದಕ್ಕೂ ಒಂದು ಉಪಾಯವಿದೆ. ಜಾವಾದಲ್ಲಿ ಪಿಟ್ ಎಂಬ ಉಚಿತ ಸಾಧನ ಪ್ರೋಗ್ರಾಮಿನಲ್ಲಿ ಬೇಕೆಂದೇ ಸಣ್ಣ ಸಣ್ಣ ತಪ್ಪುಗಳನ್ನು ಸೇರಿಸಿ, ಪರೀಕ್ಷೆಗಳು ಅವನ್ನು ಹಿಡಿಯುತ್ತವೆಯೇ ಎಂದು ನೋಡುತ್ತದೆ. ಕೂಡುವಲ್ಲಿ ಕಳೆದರೆ, "ಮೀರಿದರೆ" ಎಂಬಲ್ಲಿ "ಮೀರಿದರೆ ಅಥವಾ ಸಮವಾದರೆ" ಎಂದು ಮಾಡಿದರೆ ಪರೀಕ್ಷೆ ಎಚ್ಚೆತ್ತುಕೊಳ್ಳಬೇಕು. ಹಗುರ ಮಾಡಿದ ಬಟ್ಟನ್ನು ಇಟ್ಟು ತಕ್ಕಡಿ ಅದನ್ನು ಪತ್ತೆ ಹಚ್ಚುತ್ತದೆಯೇ ಎಂದು ನೋಡಿದಂತೆ ಇದು. ತೆರಿಗೆ ಮತ್ತು ವೇತನದ ಭಾಗಕ್ಕಾದರೂ ಇದನ್ನು ನಡೆಸಿದರೆ ಹಸಿರಿನ ಬಣ್ಣಕ್ಕೆ ಬೆಲೆ ಬರುತ್ತದೆ.

ಆಕ್ಷೇಪಗಳು

ಇದೆಲ್ಲ ದೊಡ್ಡ ಕಂಪನಿಗಳ ಮಾತು, ಸಣ್ಣ ವರ್ತಕನಿಗೆ ದುಬಾರಿ ಎಂಬುದು ಮೊದಲ ಆಕ್ಷೇಪ. ಅಳೆಯುವ ಸಾಧನಗಳಿಗೆ ಬೆಲೆಯಿಲ್ಲ. ವರದಿ ತೆಗೆಯಲು ಬೇಕಾಗುವುದು ಅಲ್ಪ ಸಮಯ. ಖರ್ಚಿರುವುದು ಪರೀಕ್ಷೆ ಬರೆಯುವುದರಲ್ಲಿ, ಇದು ನಿಜ. ಆದ್ದರಿಂದಲೇ ಇಡೀ ತಂತ್ರಾಂಶಕ್ಕೆ ಒಂದೇ ಮಾನದಂಡ ಕೇಳುವುದು ಬೇಡ. ಪರದೆಯ ಬಣ್ಣ, ಮುದ್ರಣದ ಅಂಚು ಇವುಗಳಿಗೆ ಕಟ್ಟುನಿಟ್ಟು ಅನಗತ್ಯ. ತೆರಿಗೆ, ವೇತನ, ದಾಸ್ತಾನು, ಗಿರಾಕಿಯ ಬಾಕಿ ಈ ನಾಲ್ಕು ಲೆಕ್ಕಗಳಿಗೆ ಕೇಳಿದರೆ ಸಾಕು. ವರದಿಯನ್ನೇ ಕೊಡಲಾಗದೆನ್ನುವ ತಯಾರಕರ ಬಳಿ ಪರೀಕ್ಷೆಯೇ ಇಲ್ಲವೆಂದು ತಿಳಿಯಬೇಕು.

ನಾವು ತಂತ್ರಜ್ಞರಲ್ಲ, ವರದಿ ಕೊಟ್ಟರೂ ಓದಲಾರೆವು ಎಂಬುದು ಎರಡನೆಯ ಆಕ್ಷೇಪ. ನರಸಾಪುರ, ವೇಮಗಲ್ ಭಾಗದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳ ಮಾಲೀಕರನ್ನು ಕೇಳಿ ನೋಡಿ. ದೊಡ್ಡ ಗಿರಾಕಿಗಳು ಅವರಿಂದ ಗೇಜುಗಳ ಕ್ಯಾಲಿಬ್ರೇಷನ್ ಪ್ರಮಾಣಪತ್ರ, ತಿರಸ್ಕೃತ ಮಾಲಿನ ಲೆಕ್ಕ ಎಲ್ಲವನ್ನೂ ಕೇಳುತ್ತಾರೆ. ಕೇಳುವ ಅಧಿಕಾರಿ ಲೇತ್ ಓಡಿಸಬಲ್ಲವನೇ ಆಗಬೇಕಿಲ್ಲ. ನಮ್ಮ ಗಿರಾಕಿ ನಮ್ಮನ್ನು ಕೇಳುವುದನ್ನು ನಾವು ನಮ್ಮ ತಂತ್ರಾಂಶ ಪೂರೈಕೆದಾರರನ್ನು ಕೇಳಲು ಸಂಕೋಚವೇಕೆ?

ನಾವು ಬಳಸುವುದು ಅಂಗಡಿಯಲ್ಲಿ ಸಿಗುವ ಸಿದ್ಧ ತಂತ್ರಾಂಶ, ಅದರ ಒಳಗನ್ನು ಯಾರು ತೋರಿಸುತ್ತಾರೆ ಎಂಬುದು ಮೂರನೆಯ ಆಕ್ಷೇಪ. ಇದು ನ್ಯಾಯವಾದ ಮಾತು. ಅಂತಹವರು ಹೊರಗಿನಿಂದಲೇ ಪರೀಕ್ಷಿಸಬಹುದು. ತಮ್ಮ ವ್ಯಾಪಾರದ ಕವಲುಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಒಂದು ಮಾದರಿ ಬಿಲ್ಲನ್ನು ಕೈಯಲ್ಲಿ ಲೆಕ್ಕ ಹಾಕಿಟ್ಟುಕೊಳ್ಳಲಿ. ರಾಜ್ಯದೊಳಗಿನ ಮಾರಾಟ, ಹೊರಗಿನ ಮಾರಾಟ, ಸರಿಯಾಗಿ 50,000 ರೂಪಾಯಿಯ ಬಿಲ್ಲು, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿನ ಬಿಲ್ಲು, ಹಳೆಯ ದರದ ಸರಕಿನ ಹಿಂದಿರುಗುವಿಕೆ, ಹೀಗೆ ಹತ್ತು ಹನ್ನೆರಡು ಸಾಕು. ಪ್ರತಿ ತಿದ್ದುಪಡಿಯ ನಂತರ ಈ ಮಾದರಿಗಳನ್ನು ಪ್ರತ್ಯೇಕ ಪರೀಕ್ಷಾ ಖಾತೆಯೊಂದರಲ್ಲಿ ಹಾಕಿ ಉತ್ತರ ಹೋಲಿಸುವುದಕ್ಕೆ ಗುಮಾಸ್ತರಿಗೆ ಅರ್ಧ ದಿನದ ಕೆಲಸ.

ಮುಂದೇನು ಮಾಡಬೇಕು

ಹೇಳಿ ಮಾಡಿಸುವ ಜಾವಾ ತಂತ್ರಾಂಶದ ಖರೀದಿ ಆದೇಶದಲ್ಲೂ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲೂ ನಾಲ್ಕು ಷರತ್ತುಗಳನ್ನು ಸೇರಿಸಿಕೊಳ್ಳುವುದು ಉಚಿತ. ಒಂದು, ಹಣದ ಲೆಕ್ಕದ ಭಾಗಗಳಿಗೆ ಕವಲುಗಳ ಪರೀಕ್ಷಾ ವ್ಯಾಪ್ತಿ ಶೇಕಡಾ 80ಕ್ಕೆ ಕಡಿಮೆಯಿರಬಾರದು. ಉಳಿದ ಭಾಗವನ್ನು ಏಕೆ ಪರೀಕ್ಷಿಸಿಲ್ಲವೆಂದು ಬರಹದಲ್ಲಿ ತಿಳಿಸಬೇಕು. ಎರಡು, ಆ ಭಾಗಗಳ ಯಾವುದೇ ಮೆಥಡ್‌ನ ಜಟಿಲತೆ 15ನ್ನು ಮೀರಬಾರದು. ಹಳೆಯ ಪ್ರೋಗ್ರಾಮಿನಲ್ಲಿ ಮೀರಿದ್ದರೆ ತಿದ್ದುಪಡಿಯಿಂದ ಅದು ಇನ್ನಷ್ಟು ಹೆಚ್ಚಬಾರದು. ಮೂರು, ಪ್ರತಿ ತಿದ್ದುಪಡಿಯ ಜೊತೆಗೆ ಹಿಂದಿನ ಮತ್ತು ಈಗಿನ ವರದಿ ಎರಡನ್ನೂ ಕೊಡಬೇಕು. ನಾಲ್ಕು, ಪರೀಕ್ಷೆಗಳೂ ತಂತ್ರಾಂಶದ ಭಾಗವೆಂದು ಪರಿಗಣಿಸಿ ಖರೀದಿದಾರನಿಗೆ ಒಪ್ಪಿಸಬೇಕು. ನಾಳೆ ತಯಾರಕರು ಬದಲಾದರೂ ಹೊಸಬರು ಆ ಪರೀಕ್ಷೆಗಳ ಆಧಾರದ ಮೇಲೆ ನಿರ್ಭಯವಾಗಿ ಕೆಲಸ ಮಾಡಬಹುದು. ಇಲ್ಲಿನ 80 ಮತ್ತು 15 ಎಂಬ ಅಂಕಿಗಳು ಈ ಲೇಖಕನ ಸಲಹೆ. ವ್ಯವಹಾರಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಒಬ್ಬೊಬ್ಬರಾಗಿ ಕೇಳಿದರೆ ತಯಾರಕರು ಕಿವಿಗೊಡಲಿಕ್ಕಿಲ್ಲ. ಇಲ್ಲಿ ನಮ್ಮ ಸಂಘದ ಪಾತ್ರ ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸದಸ್ಯರಿಗಾಗಿ ಒಂದು ಮಾದರಿ ಒಪ್ಪಂದ ಪತ್ರವನ್ನು ಸಂಘವು ಸಿದ್ಧಪಡಿಸಬಹುದು. ತೆರಿಗೆ ಸಲಹೆಗಾರರ ನೆರವಿನಿಂದ ಮಾದರಿ ಬಿಲ್ಲುಗಳ ಮತ್ತು ಸರಿಯುತ್ತರಗಳ ಕಟ್ಟೊಂದನ್ನು ತಯಾರಿಸಿ, ದರ ಬದಲಾದಾಗಲೆಲ್ಲ ಪರಿಷ್ಕರಿಸಿ ಹಂಚಬಹುದು. ಜಿಲ್ಲೆಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಈ ವರದಿಗಳನ್ನು ಓದಿ ವಿವರಿಸುವ ಕೆಲಸ ಕೊಟ್ಟರೆ ಅವರಿಗೂ ಅನುಭವ, ನಮಗೂ ಅನುಕೂಲ.

ತಕ್ಕಡಿಯ ಮುದ್ರೆಯಿಂದ ಮೊದಲ ಲಾಭ ಗಿರಾಕಿಗೆ ಎನಿಸಿದರೂ, ಪ್ರಾಮಾಣಿಕ ವರ್ತಕನ ಮಾತಿಗೆ ಬೆಲೆ ತಂದುಕೊಟ್ಟದ್ದು ಆ ಮುದ್ರೆಯೇ. ತಂತ್ರಾಂಶಕ್ಕೆ ಅಂತಹ ಮುದ್ರೆ ಹಾಕುವ ಇಲಾಖೆ ಇಲ್ಲ. ಬಿಲ್ಲಿನ ಕೆಳಗೆ ಸಹಿ ಮಾತ್ರ ನಮ್ಮದು, ತಪ್ಪಿದರೆ ದಂಡವೂ ನಮ್ಮದೇ. ಆದ್ದರಿಂದ ಮುಂದಿನ ಸಲ ತಂತ್ರಾಂಶದ ತಿದ್ದುಪಡಿಯಾದಾಗ, "ಸರಿಯಾಯಿತು ಸರ್" ಎಂಬ ಮಾತಿಗೆ ಹಣ ಎಣಿಸಿ ಕೊಡುವ ಮೊದಲು, ಆ ಒಂದು ಪುಟದ ವರದಿಯನ್ನು ಕೇಳಿ ಪಡೆಯೋಣ.